ಪಟ್ಟಾಭಿರಾಮರ ಸೊಲ್ಲು

ಪಟ್ಟಾಭಿರಾಮರಿಗೆ ಲಕ್ವ ಹೊಡೆದು ಮಾತು ನಿಂತ ಮೇಲೆ ಸೋಮೇಶ್ವರಪುರದ ಆ ಮನೆಯಲ್ಲಿ ಉಳಿದವರೆಲ್ಲ ಒಂದಕ್ಕೆರಡು ಮಾತಾಡತೊಡಗಿದರು. ಹೆಂಡತಿ ರಾಧಮ್ಮ ದೇವರ ಜೊತೆ, ಹಾಲಿನವನ ಜೊತೆ, ಕೊನೆಗೆ ಉಕ್ಕುವ ಅನ್ನದ ಪಾತ್ರೆಯ ಜೊತೆಗೂ ಮಾತಾಡುವರು. ಹಿರೇಹಳ್ಳಿಯಲ್ಲಿ ಲೇತ್ ವರ್ಕ್‌ಶಾಪ್ ಇಟ್ಟುಕೊಂಡಿದ್ದ ಮಗ ಅಭಿರಾಮ್ ಗಂಟೆಗೊಂದು ಸಲ ಫೋನ್ ಮಾಡಿ ಔಷಧಿ ಆಯಿತೇ, ಫಿಸಿಯೋದವನು ಬಂದನೇ ಎಂದು ವಿಚಾರಿಸುವನು. ಮಗಳು ವಿಭಾಳಿಗೆ ಮಾತ್ರ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ನಲವತ್ತು ದಾಟಿದ್ದ, ಮದುವೆಯ ಗೊಡವೆಗೆ ಹೋಗದ ವಿಭಾ ಕ್ಯಾತ್ಸಂದ್ರದ ಕಾಲೇಜೊಂದರಲ್ಲಿ ಸಂಗೀತದ ಅತಿಥಿ ಉಪನ್ಯಾಸಕಿ. ಅಡುಗೆಮನೆಗೆ ಹೋದವಳು ಏನಕ್ಕೆ ಬಂದೆ ಎಂದು ಮರೆತು ವಾಪಸ್ಸು ಬರುವಳು; ಅಪ್ಪನ ಮಂಚದ ಪಕ್ಕ ಕೂತವಳು ತಕ್ಷಣ ಎದ್ದು ಕಿಟಕಿ ತೆಗೆದು, ಮತ್ತೆ ಮುಚ್ಚುವಳು.

ತುಮಕೂರಿನಲ್ಲಿ ಶಾಸ್ತ್ರೀಯ ಸಂಗೀತ ಕಲಿತವರಲ್ಲಿ ಅರ್ಧ ಜನ ಪಟ್ಟಾಭಿರಾಮರ ಶಿಷ್ಯರೇ. ಮನೆಯಲ್ಲಿ ಯಾರಾದರೂ ಸಿನಿಮಾ ಹಾಡು ಗುನುಗಿದರೆ ತಟ್ಟೆ ಬಿಟ್ಟು ಏಳುತ್ತಿದ್ದ ಮನುಷ್ಯ. ಅಂಥವರ ಬಲಗೈ ಬಿದ್ದುಹೋಗಿತ್ತು, ನಾಲಿಗೆ ಕಟ್ಟಿತ್ತು. ಹೇಳಿದ್ದೆಲ್ಲ ಅರ್ಥವಾಗುತ್ತಿತ್ತು. ಉತ್ತರ ಕೊಡಲು ಬಾಯಿ ತೆರೆದರೆ "ತ... ತ..." ಎಂದು ಏನೋ ಬಂದು, ಕಣ್ಣಲ್ಲಿ ನೀರು ತುಂಬುತ್ತಿತ್ತು.

ಆಸ್ಪತ್ರೆಯಿಂದ ಮನೆಗೆ ಬಂದ ಕೆಲವು ದಿನಕ್ಕೆ ಅವರು ಹಾಡಿದರು.

ಹಾಡು ಅನ್ನುವಂಥದ್ದಲ್ಲ. ಬೆಳಿಗ್ಗೆ ರಾಧಮ್ಮ ಮೈ ಒರೆಸುತ್ತಿದ್ದಾಗ ಪದವಿಲ್ಲದ ಒಂದು ಸಾಲು, "ಆ... ಆ..." ಎಂದು ಬಂತು. ನಿಂತಿತು. ಮತ್ತೆ ಅದೇ ಸಾಲು. ಅಂದಿನಿಂದ ದಿನಕ್ಕೆ ಹತ್ತಾರು ಸಲ, ಅದೇ ಒಂದು ಸಾಲು. ನೋಡಲು ಬಂದ ಶಿಷ್ಯರು ಮುಖ ಮುಖ ನೋಡಿಕೊಂಡರು. ಒಬ್ಬ ಕೆಮ್ಮುವ ನೆಪದಲ್ಲಿ ನಗು ನುಂಗಿಕೊಂಡದ್ದನ್ನು ವಿಭಾ ಕಂಡಳು. ಮೇಷ್ಟ್ರ ಬಾಯಲ್ಲಿ ಯಾವುದೋ ಬೀದಿಯ ಮಟ್ಟು!

ಮಾತಿನ ಚಿಕಿತ್ಸೆಗೆ ಬರುತ್ತಿದ್ದ ಉಮಾಮಹೇಶ್ವರಿ ಮಾತ್ರ ಆ ಸಾಲು ಕೇಳಿ ಕುರ್ಚಿಯ ತುದಿಗೆ ಬಂದಳು. ಅದಕ್ಕೆ ಮೊದಲು ಅವಳು ಪಟ್ಟಾಭಿರಾಮರು ನೂರಾರು ಕಚೇರಿಗಳಲ್ಲಿ ಹಾಡಿದ್ದ ಕೀರ್ತನೆಗಳನ್ನು ಒಂದೊಂದಾಗಿ ಹಾಕಿ ನೋಡಿದ್ದಳು. ಅವರ ತುಟಿ ಅಲುಗಿತ್ತೇ ಹೊರತು ಸ್ವರ ಹೊರಟಿರಲಿಲ್ಲ.

"ಮಾತು ಹುಟ್ಟೋ ಜಾಗಕ್ಕೆ ಪೆಟ್ಟು ಬಿದ್ದಿದೆ ಮೇಡಂ. ಹಾಡಿನ ದಾರಿ ಬೇರೆ. ಕೆಲವರಿಗೆ ತಾನಾಗೇ ಬರೋ ಹಾಡಿನ ಬೆನ್ನೇರಿ ಮಾತು ಆಚೆ ಬರುತ್ತೆ. ಆದ್ರೆ ಬರೀ ರಾಗ ಸಾಲ್ದು. ಅದರ ಪದ ಏನು ಅಂತ ಹುಡುಕಿ ಕೊಡಿ. ಈ ಮೊದಲ ತಿಂಗಳುಗಳೇ ಮುಖ್ಯ, ತಡ ಮಾಡ್ಬೇಡಿ."

ತಡ ಮಾಡಬೇಡಿ ಎಂಬ ಮಾತು ವಿಭಾಳ ಕಾಲಿಗೆ ಚಕ್ರ ಕಟ್ಟಿತು. "ಅಮ್ಮ, ಈ ಹಾಡು ಯಾವ್ದು?" ಎಂದು ಕೇಳಿದಳು.

"ನನಗೇನು ಗೊತ್ತೇ," ಎಂದರು ರಾಧಮ್ಮ, ಬಟ್ಟೆ ಹಿಂಡುತ್ತ. "ಇಷ್ಟು ವರ್ಷ ಸಂಸಾರ ಮಾಡಿದೀನಿ, ಇವರ ಬಾಯಲ್ಲಿ ಇದನ್ನ ಒಂದು ದಿನ ಕೇಳಿಲ್ಲ." ಅವರ ದನಿಯಲ್ಲಿ ನೋವಿತ್ತು. ಅದನ್ನು ವಿಚಾರಿಸುವ ತಾಳ್ಮೆ ವಿಭಾಳಿಗೆ ಆಗ ಇರಲಿಲ್ಲ.

ಸಾಲನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಳು. ಬಸ್ಸಿನಲ್ಲಿ, ಸ್ಟಾಫ್ ರೂಮಿನಲ್ಲಿ, ತರಕಾರಿ ಅಂಗಡಿಯ ಮುಂದೆ ಅದೇ ಅವಳ ಕಿವಿಯಲ್ಲಿ. ಅವಳು ಕಾಲೇಜಿನ ಮಕ್ಕಳಿಗೆ ಪಾಠ ಮಾಡುತ್ತಿದ್ದದ್ದೂ ಇದನ್ನೇ: ಒಂದು ಹಾಡು ಕೇಳಿದ ಕೂಡಲೇ ಅದು ಯಾವ ಮನೆತನದ್ದು ಎಂದು ಗುರುತು ಹಿಡಿಯುವುದು ಹೇಗೆ? ಸ್ವರ ತೂಗುತ್ತದೋ, ನೆಟ್ಟಗೆ ನಿಲ್ಲುತ್ತದೋ ನೋಡಿ. ತಾಳ ಎಷ್ಟರ ಲೆಕ್ಕದ್ದು ನೋಡಿ. ಮಾತು ಮುಂದೆಯೋ, ರಾಗ ಮುಂದೆಯೋ ನೋಡಿ. ಈಗ ಆ ಪಾಠವನ್ನು ತನಗೇ ಹೇಳಿಕೊಂಡಳು. ಅಪ್ಪನ ಸಾಲು ಮೇಲಿನ ಷಡ್ಜದಿಂದಲೇ ಶುರುವಾಗಿ ಕೆಳಗಿಳಿಯುತ್ತಿತ್ತು. ಬದುಕಿಡೀ ಸ್ವರವನ್ನು ತೂಗಿ ತೂಗಿ ಹಾಡಿದವರ ಈ ಸಾಲಿನಲ್ಲಿ ಒಂದೇ ಒಂದು ಗಮಕವಿರಲಿಲ್ಲ. ಗೋಡೆಗೆ ಮೊಳೆ ಹೊಡೆದಂತೆ ಸ್ವರಗಳು. ನಡೆ ತಕಿಟ ತಕಿಟ ಎಂದು ಮೂರರ ಲೆಕ್ಕದ್ದು. ಎರಡು ಗಾಂಧಾರಗಳು ಒಟ್ಟಿಗೇ ಬಂದು ಯಾವ ರಾಗಕ್ಕೂ ಬಗ್ಗುತ್ತಿರಲಿಲ್ಲ. ಕಚೇರಿ ಸಂಗೀತವಂತೂ ಅಲ್ಲ. ಮಠದ ಭಜನೆಯಲ್ಲಿ ಕೇಳುವ ತತ್ವಪದವೇ? ಅದಕ್ಕೆ ಏಕತಾರಿಯ ಜೊತೆ ನಿಧಾನವಾಗಿ ಉಸಿರಾಡುವ ಗುಣ ಇರುತ್ತದೆ, ಇದಕ್ಕೆ ಅವಸರ. ಭಾವಗೀತೆಯೇ? ಅಲ್ಲಿ ಪದದ ಅರ್ಥಕ್ಕೆ ತಕ್ಕಂತೆ ಸ್ವರ ಬಾಗುತ್ತದೆ. ಇದು ಯಾರ ಅರ್ಥಕ್ಕೂ ಬಾಗುವಂತಿರಲಿಲ್ಲ.

ಗಮಕವಿಲ್ಲದ ನೆಟ್ಟನೆಯ ಸ್ವರ ಅಂದರೆ ಹಾರ್ಮೋನಿಯಂ. ಮಿಶ್ರ ರಾಗ, ಕೊನೆಯ ಸಾಲಿನ ಪ್ರೇಕ್ಷಕನಿಗೂ ಮುಟ್ಟುವಂತೆ ತಾರಕದಲ್ಲಿ ಎತ್ತುಗಡೆ. ನಾಟಕದ ಹಾಡು! ಅವಳು ಮರುದಿನವೇ ರಜೆ ಹಾಕಿ ಗುಬ್ಬಿಯ ಬಸ್ಸು ಹತ್ತಿದಳು.

ಗುಬ್ಬಿಯ ಗುಂಡಯ್ಯ ಹಳೆಯ ನಾಟಕ ಕಂಪನಿಗಳಲ್ಲಿ ಕಾಲುಪೆಟ್ಟಿಗೆ, ಅಂದರೆ ಕಾಲಿನಿಂದ ತಿದಿ ಒತ್ತುವ ಹಾರ್ಮೋನಿಯಂ, ಬಾರಿಸಿದವರು. ಈಗ ಹಾರ್ಮೋನಿಯಂ ರಿಪೇರಿ ಮಾಡಿಕೊಂಡಿದ್ದರು. ರೆಕಾರ್ಡಿಂಗ್ ಎರಡು ಸಲ ಕೇಳುವಷ್ಟರಲ್ಲಿ ಅವರ ಬೆರಳು ಹಾರ್ಮೋನಿಯಂ ಮನೆಗಳ ಮೇಲೆ ಓಡಿ ಸಾಲು ಚಾಚೂ ತಪ್ಪದೆ ಬಂತು.

"ಅನುಮಾನವೇ ಬೇಡ ಕಣಮ್ಮ. ನಮ್ ಕಂಪ್ನಿ ಮಟ್ಟೇ ಇದು. ರಾಜಕುಮಾರಿ ತೋಟಕ್ಕೆ ಬರೋ ಸೀನು. ನಿಮ್ ತಂದೆ ಕದ್ದು ನಾಟಕ ನೋಡಿರ್ಬೇಕು!" ಎಂದು ಗುಂಡಯ್ಯ ತೊಡೆ ತಟ್ಟಿದರು. ಅಷ್ಟಕ್ಕೇ ಬಿಡದೆ ಎರಡು ಸಾಲು ಪದವನ್ನೂ ಹಾಡಿ ತೋರಿಸಿದರು. ವಿಭಾ ಅವರನ್ನು ಭಾನುವಾರ ತುಮಕೂರಿಗೇ ಕರೆದಳು.

ಭಾನುವಾರ ಗುಂಡಯ್ಯ ಬಿಳಿ ಜುಬ್ಬ ಹಾಕಿಕೊಂಡು, ಹಾರ್ಮೋನಿಯಂ ಹೊತ್ತು ಆಟೋ ಇಳಿದರು. ಅಭಿರಾಮನೂ ಮನೆಯಲ್ಲಿದ್ದ. ಪಟ್ಟಾಭಿರಾಮರನ್ನು ದಿಂಬಿಗೆ ಒರಗಿಸಿ ಕೂರಿಸಿದರು. ಗುಂಡಯ್ಯ ಶ್ರುತಿ ಹಿಡಿದು ಸಾಲು ಎತ್ತಿದರು. ಪಟ್ಟಾಭಿರಾಮರ ಕಣ್ಣು ಅರಳಿತು, ಅವರೂ "ಆ..." ಎಂದು ಸೇರಿದರು. ರಾಧಮ್ಮ ಕೈಮುಗಿದರು. ಸಾಲು ಮುಗಿದೊಡನೆ ಗುಂಡಯ್ಯ ಹಾರ್ಮೋನಿಯಂ ಮೇಲೆ ಸರ್ರನೆ ಬರೀ ಸ್ವರಗಳ ಒಂದು ತಾನ ಬಿಟ್ಟರು. ಪಟ್ಟಾಭಿರಾಮರು ಎಡಗೈಯಿಂದ ಮಂಚದ ಕಟ್ಟನ್ನು ದಬಾರನೆ ಗುದ್ದಿದರು. ಮೆಚ್ಚುಗೆ ಎಂದುಕೊಂಡು ಗುಂಡಯ್ಯ ಇನ್ನಷ್ಟು ಹುರುಪಾದರು. ಮತ್ತೆ ಸಾಲು, ಮತ್ತೆ ತಾನ, ಮತ್ತೆ ಗುದ್ದು. ಮೂರನೆಯ ಸಲಕ್ಕೆ ಪಟ್ಟಾಭಿರಾಮರ ಮುಖ ಕೆಂಪಾಗಿ, ಬಾಯಿಯಿಂದ ಜೊಲ್ಲು ಸುರಿದು, ಕುತ್ತಿಗೆಯ ನರ ಉಬ್ಬಿ ಬಂತು. ಪಕ್ಕದಲ್ಲಿದ್ದ ನೀರಿನ ಲೋಟ ಹಾರಿ ಗೋಡೆಗೆ ಬಡಿಯಿತು.

"ಸಾಕು ನಿಲ್ಸಿ!" ಎಂದು ಅಭಿರಾಮ್ ಕೂಗಿದ. ಗುಂಡಯ್ಯ ಹೆದರಿ ತಿದಿ ಬಿಟ್ಟರು. ವಿಭಾ ಅವರನ್ನು ಸಮಾಧಾನ ಮಾಡಿ ಬಸ್ಸು ಹತ್ತಿಸಿ ಬರುವಷ್ಟರಲ್ಲಿ ಅಭಿರಾಮ್ ನಡುಮನೆಯಲ್ಲಿ ಕಾಯುತ್ತಿದ್ದ.

"ಅಕ್ಕ, ಅಪ್ಪ ಏನು ನಿನ್ನ ಕ್ಲಾಸಿನ ಎಕ್ಸಾಂ ಪೇಪರ್ರಾ? ಬಿ.ಪಿ. ಎಷ್ಟಾಗಿದೆ ನೋಡು ಹೋಗಿ."

"ಪದ ಸಿಕ್ರೆ ಮಾತು ಬರಬಹುದು ಅಂತ ಉಮಾ ಹೇಳ್ಲಿಲ್ವೇನೋ?"

"ಬರಬಹುದು! ಬರದೇನೂ ಇರಬಹುದು. ಅಷ್ಟು ದೊಡ್ಡ ಮನುಷ್ಯನ್ನ ಕೂರಿಸಿ ಕೋತಿ ಆಡ್ಸಿದ ಹಾಗೆ ಆಡ್ಸ್ತಿದೀಯ. ನೀನು ಓಡಾಡೋದು ಅಪ್ಪನಿಗೋಸ್ಕರ ಅಲ್ಲ ಕಣೇ. ಸುಮ್ನೆ ಕೂತ್ಕೊಂಡು ಅವರ ಮುಖ ನೋಡೋಕೆ ನಿನ್ನ ಕೈಲಿ ಆಗ್ತಿಲ್ಲ, ಅದಕ್ಕೆ."

ತಮ್ಮ ಹೇಳಿದ್ದು ನಿಜವೇ ಇರಬೇಕು ಅನ್ನಿಸಿ ವಿಭಾಳಿಗೆ ಇನ್ನಷ್ಟು ಉರಿಯಿತು. ಎರಡು ದಿನ ಅಕ್ಕ ತಮ್ಮ ಮಾತಾಡಲಿಲ್ಲ. ಒಳಗೆ ಮಂಚದ ಮೇಲಿಂದ ಅದೇ ಸಾಲು ಬರುತ್ತಲೇ ಇತ್ತು.

ಮಂಗಳವಾರ ಕಾಲೇಜಿನಲ್ಲಿ ಬಿ.ಎ. ತರಗತಿ. ಪಾಠ ಮಾಡುವ ಮನಸ್ಸೇ ಇಲ್ಲದ ವಿಭಾ ಫೋನನ್ನು ಸ್ಪೀಕರಿಗೆ ಸಿಕ್ಕಿಸಿ, "ಇದು ಯಾವ ಪ್ರಕಾರದ್ದು, ಗುರುತು ಹಿಡೀರಿ" ಎಂದು ಅಪ್ಪನ ಸಾಲು ಹಾಕಿದಳು. ಯಾರ ದನಿ ಎಂದು ಹೇಳಲಿಲ್ಲ. ಅದು ಸುಮಾರು ಹೊತ್ತು ಮಾಡಿದ್ದ ರೆಕಾರ್ಡಿಂಗು: ಸಾಲು, ಮೌನ, ಮತ್ತೆ ಸಾಲು, ಮತ್ತೆ ಮೌನ. ಮಕ್ಕಳು ಮೊದಲು ಗಂಭೀರವಾಗಿ ಕೇಳಿದರು. ಆಮೇಲೆ ಹಿಂದಿನ ಬೆಂಚಿನ ಹುಡುಗಿಯರು ಮೇಜಿನ ಮೇಲೆ ತಾಳ ಕುಟ್ಟತೊಡಗಿದರು. ಸಾಲು ನಿಂತ ಜಾಗಕ್ಕೆ ಸರಿಯಾಗಿ ಅವರೇ ಏನೋ ತಂದನಾನ ಸೇರಿಸಿ ಹಾಡಿದರು. ಅವರದು ಮುಗಿಯುವುದಕ್ಕೂ ಅಪ್ಪನ ಸಾಲು ಎತ್ತಿಕೊಳ್ಳುವುದಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸ ಬರಲಿಲ್ಲ. ಮತ್ತೆ ಮೌನ, ಮತ್ತೆ ಹುಡುಗಿಯರು. ತರಗತಿಯೆಲ್ಲ ನಗೆಯೋ ನಗೆ.

ವಿಭಾ ಕೈಯಲ್ಲಿದ್ದ ಸೀಮೆಸುಣ್ಣ ಕೆಳಗಿಟ್ಟಳು. ಇಷ್ಟು ದಿನ ಅವಳು ಸ್ವರಗಳನ್ನು ಎಣಿಸಿದ್ದಳು. ನಡುವಿನ ಮೌನವನ್ನು ರೋಗಿಯ ಸುಸ್ತು ಎಂದುಕೊಂಡಿದ್ದಳು. ಅದು ಸುಸ್ತಲ್ಲ. ತಾಳದ ಲೆಕ್ಕಕ್ಕೆ ಸರಿಯಾಗಿ ಬಿಟ್ಟ ಜಾಗ. ಅಪ್ಪ ಹಾಡುತ್ತಿದ್ದದ್ದು ಅರ್ಧ ಹಾಡು. ಇನ್ನರ್ಧ ಬೇರೆ ಯಾರದೋ. ಆ ಜಾಗಕ್ಕೆ ಗುಂಡಯ್ಯನವರ ತಾನ ನುಗ್ಗಿದಾಗಲೆಲ್ಲ ಅವರು ಮಂಚ ಗುದ್ದಿದ್ದರು. ಸಾಲು ಮೇಲಿನ ಷಡ್ಜದಿಂದ ಶುರುವಾಗುತ್ತಿದ್ದದ್ದೂ ಅದಕ್ಕೇ. ಅಷ್ಟೆತ್ತರಕ್ಕೆ ಯಾರೋ ಮೊದಲು ಏರಿಸಿ ಕೊಡುತ್ತಿದ್ದರು, ಅಪ್ಪ ಇಳಿಸುತ್ತಿದ್ದರು.

"ಹೇಳುವವರು ಬೇರೆ, ಸೊಲ್ಲು ಹಿಡಿಯುವವರು ಬೇರೆ" ಎಂದು ಅವಳೇ ಎಷ್ಟೋ ವರ್ಷದಿಂದ ಜಾನಪದದ ಪಾಠದಲ್ಲಿ ಬರೆಸುತ್ತಿದ್ದಳು. ಒಬ್ಬರು ಪದ ಹೇಳಿದರೆ, ಪ್ರತಿಸಲ ಉಳಿದವರು ತಿರುಗಿ ಹೇಳುವ ಸಾಲೇ ಸೊಲ್ಲು.

ಮನೆಗೆ ಬಂದವಳೇ ಚಪ್ಪಲಿಯನ್ನೂ ಬಿಡದೆ, "ಅಮ್ಮ, ಅಪ್ಪ ಗುರುಗಳ ಮನೆಗೆ ಹೋಗೋಕೆ ಮುಂಚೆ ಎಲ್ಲಿದ್ರು?" ಎಂದು ಕೇಳಿದಳು.

"ಮೈಸೂರಿಗೆ ಹೋಗೋಕೆ ಮುಂಚೆಯಾ? ತಾತನ ಮನೇಲಿ. ಕುಣಿಗಲ್ ಕೆರೆ ದಾಟಿ ಒಂದು ಹಳ್ಳಿ. ಅಲ್ಲೇ ಸ್ಕೂಲಿಗೆ ಹೋಗ್ತಿದ್ರಂತೆ. ಈಗ ಅಲ್ಲಿ ನಮ್ಮೋರು ಯಾರೂ ಇಲ್ವಲ್ಲೇ."

ಮರುದಿನ ವಿಭಾ ಕುಣಿಗಲ್‌ನಲ್ಲಿ ಬಸ್ಸಿಳಿದು ಆಟೋ ಹಿಡಿದಳು. ಕೆರೆ ಏರಿಯ ಮೇಲೆ ಗಾಳಿ ಜೋರಾಗಿತ್ತು. ಹಳ್ಳಿಯ ಹಾಲಿನ ಡೈರಿಯ ಮುಂದೆ ಕ್ಯಾನುಗಳನ್ನು ತೊಳೆಯುತ್ತಿದ್ದ ಹೆಂಗಸರ ಹತ್ತಿರ, ಹೇಗೆ ಮಾತು ಶುರುಮಾಡುವುದೋ ತಿಳಿಯದೆ, ಸೀದಾ ಫೋನ್ ಹಿಡಿದಳು. ಹಿರಿಯರೊಬ್ಬರು ಗೊತ್ತಿಲ್ಲವೆಂದು ತಲೆಯಾಡಿಸಿದರು. ಇನ್ನೊಬ್ಬಳು ಸೋಬಾನೆ ಇರಬೇಕು ಎಂದಳು. ಮಂಜುಳಮ್ಮ ಎಂಬಾಕೆ ಮಾತ್ರ ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಮತ್ತೊಮ್ಮೆ ಹಾಕಿಸಿಕೊಂಡಳು.

"ಸೋಬಾನೆ ಎಲ್ ಬಂತು, ಇದು ಗಂಡುಸ್ರು ಕೋಲಾಟದ್ದು. ನಮ್ ಮಾವ ಗೊಣಗ್ತಾ ಇರ್ತಾರೆ, ಹಿಂಗೇ. ಆದ್ರೆ ಅವ್ರುಗೆ ಕಿವಿ ಮಂದ. ಜೋರಾಗ್ ಮಾತಾಡ್ಬೇಕು. ಬನ್ನಿ."

ಅವಳ ಮಾವ ಪುಟ್ಟರಂಗಯ್ಯ ಸ್ಟಡ್ ಫಾರಂನಲ್ಲಿ ಕುದುರೆ ನೋಡಿಕೊಂಡಿದ್ದು ನಿವೃತ್ತರಾದವರು. ಎಂಬತ್ತರ ಹತ್ತಿರದ ವಯಸ್ಸು. ಜಗುಲಿಯ ಮೇಲೆ ನೆಟ್ಟಗೆ ಕೂತಿದ್ದರು. ಫೋನಿನ ಸದ್ದು ಅವರಿಗೆ ಕೇಳಲೇ ಇಲ್ಲ. ವಿಭಾ ಅವರ ಕಿವಿಯ ಹತ್ತಿರ ಬಗ್ಗಿ ತಾನೇ ಹಾಡಿದಳು. ಎರಡು ಸಲ ಹಾಡಿದ ಮೇಲೆ ಮುದುಕರ ತೊಡೆಯ ಮೇಲಿದ್ದ ಕೈ ಅಲುಗಿತು. ಸೊಲ್ಲು ಮುಗಿದ ಜಾಗದಲ್ಲಿ, ಒಡೆದ ದೊಡ್ಡ ದನಿ ಎದ್ದಿತು:

"ಕತ್ಲೆ ಆಯ್ತು, ಕದಾ ಹಾಕ್ದೆ, ಯಾರ್ಲಾ ಅದು ಹೊರಗೆ?"

ಅದು ಏರಿ ನಿಂತದ್ದು ಮೇಲಿನ ಷಡ್ಜದಲ್ಲಿ.

"ಸೊಲ್ಲೇನಜ್ಜ? ಸೊಲ್ಲಿನ ಮಾತೇನು?" ಎಂದು ಕೂಗಿದಳು.

"ಬಂದೆ ಬಂದೆ ಕಣಣ್ಣ, ಬಾಗ್ಲು ತೆಗಿಯಣ್ಣ. ಇನ್ನೇನವ್ವ! ಇಸ್ಕೂಲ್‌ನಾಗೆ ಮೇಷ್ಟ್ರು ನಾಟಕದ ಮಟ್ಟಿಗೆ ಪದ ಹಾಕಿ ಕಲ್ಸಿದ್ರು. ಗಣೇಸನ ಹಬ್ಬಕ್ಕೆ ಕುಣೀತಿದ್ವಿ."

"ಪಟ್ಟಾಭಿರಾಮ ಅಂತ ಒಬ್ರು ಇದ್ರಾ ಜೊತೇಲಿ?"

"ಐನೋರ ಮನೆ ಪಟ್ಟಾಭಿ? ಇದ್ದ ಇದ್ದ. ಒಳ್ಳೆ ಹುಡ್ಗ. ಆದ್ರೆ ಪದ ಹೇಳಾಕೆ ಅವ್ನ ಬುಡ್ತಿರ್ಲಿಲ್ಲ ಬುಡು. ಎಳೀತಿದ್ದ. ರಾಗ ಎಳ್ಕಂಡು ಕೂತ್ರೆ ಕುಣಿಯೋದು ಹೆಂಗೆ? ಅದ್ಕೆ ಹಿಂದ್ಗಡೆ ನಿಲ್ಸಿ ಸೊಲ್ಲಿಗೆ ಹಾಕಿದ್ವಿ."

ವಿಭಾಳಿಗೆ ನಗು ಬಂತು. ಹೊರಗೆ ಬಂದು ಬೇಲಿಯ ಪಕ್ಕ ನಿಂತು ತಮ್ಮನಿಗೆ ಫೋನ್ ಮಾಡಿ, ಅಪ್ಪನನ್ನು ಇಲ್ಲಿಗೆ ಕರೆತರೋಣ ಎಂದಳು. ಆ ಕಡೆ ಅಭಿರಾಮ್ ಲೇತ್ ನಿಲ್ಲಿಸಿದ್ದು ಕೇಳಿಸಿತು. "ಅಪ್ಪನಿಗೆ ಮತ್ತೆ ಹಾಗೇ ಆದ್ರೆ ತಕ್ಷಣ ವಾಪಸ್ ಕರ್ಕೊಂಡ್ ಬರ್ತೀನಿ. ನೀನು ಅಡ್ಡ ಬರೋ ಹಾಗಿಲ್ಲ," ಎಂದ.

ಶನಿವಾರ ಅವನೇ ಕಾರು ನಡೆಸಿದ. ಮುಂದಿನ ಸೀಟಿನಲ್ಲಿ ಪಟ್ಟಾಭಿರಾಮರು, ಹಿಂದೆ ರಾಧಮ್ಮ ಮತ್ತು ವಿಭಾ. ದಾರಿಯುದ್ದಕ್ಕೂ ವಿಭಾ ಕಿಟಕಿಯ ಗಾಜು ಇಳಿಸುವುದು, ಏರಿಸುವುದು ಮಾಡುತ್ತಲೇ ಇದ್ದಳು. "ಅದನ್ನ ಮುರೀತೀಯ," ಎಂದ ಅಭಿರಾಮ್.

ಮಂಜುಳಮ್ಮ ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿಗಳನ್ನು ಎದುರುಬದುರು ಹಾಕಿಟ್ಟಿದ್ದಳು. ಅಭಿರಾಮ್ ಅಪ್ಪನನ್ನು ತಬ್ಬಿ ಎತ್ತಿ ಕೂರಿಸಿದ. ಪುಟ್ಟರಂಗಯ್ಯ ಕಣ್ಣು ಕಿರಿದು ಮಾಡಿ ನೋಡಿದರು. "ಇವ್ರ್ಯಾರು? ಪಟ್ಟಾಭಿ ಸಣ್ಣಗಿದ್ದ ಕಣವ್ವ," ಎಂದು ವಿಭಾಳಿಗೆ ಹೇಳಿದರು. ಪಟ್ಟಾಭಿರಾಮರು ಅವರ ಮುಖವನ್ನೇ ನೋಡುತ್ತಿದ್ದರು. ಗುರುತು ಸಿಕ್ಕಿತೋ ಇಲ್ಲವೋ ಯಾರಿಗೂ ತಿಳಿಯಲಿಲ್ಲ.

ಪುಟ್ಟರಂಗಯ್ಯ ಎರಡು ಕೋಲು ತೆಗೆದುಕೊಂಡು ಒಂದಕ್ಕೊಂದು ತಾಗಿಸಿದರು. ಟಕ, ಟಕ. ಗಂಟಲು ಸರಿಮಾಡಿಕೊಂಡು ಪದ ಎತ್ತಿದರು.

"ಕತ್ಲೆ ಆಯ್ತು, ಕದಾ ಹಾಕ್ದೆ, ಯಾರ್ಲಾ ಅದು ಹೊರಗೆ?"

ಪಟ್ಟಾಭಿರಾಮರ ಬಾಯಿ ತೆರೆಯಿತು. "ಆ... ಆ..." ಅಷ್ಟೇ. ಅಭಿರಾಮ್ ಅಕ್ಕನ ಕಡೆ ನೋಡಿದ. ಪುಟ್ಟರಂಗಯ್ಯನವರಿಗೆ ಕೇಳಿಸಿತೋ ಇಲ್ಲವೋ, ಅವರು ನಿಲ್ಲಿಸಲಿಲ್ಲ. ಎರಡನೆಯ ಸಲ, ಮೂರನೆಯ ಸಲ. ಆಮೇಲೆ ಸ್ವರದ ಅಡಿಯಿಂದ ಒಂದು ಬ ಮೊಳೆಯಿತು. "ಬಂ... ಬಂದೆ..." ಮತ್ತೊಂದು ಸುತ್ತು ಬರುವಷ್ಟರಲ್ಲಿ ಪೂರ್ತಿ ಸಾಲು, ತೊದಲುತ್ತ, ಆದರೆ ಸ್ಪಷ್ಟವಾಗಿ ಹೊರಟಿತು: "ಬಂದೆ ಬಂದೆ ಕಣಣ್ಣ, ಬಾಗ್ಲು ತೆಗಿಯಣ್ಣ."

ರಾಧಮ್ಮ ಬಾಯಿಗೆ ಸೆರಗು ಒತ್ತಿ ಹಿಡಿದರು. ವಿಭಾ ಯಾರ ಕೈ ಹಿಡಿದಿದ್ದಾಳೆಂದು ನೋಡಿಕೊಂಡರೆ ಅದು ತಮ್ಮನ ಕೈ.

ಕೋಲಾಟದ ಗುಣವೇ ಏರುವುದು. ಸುತ್ತು ಸುತ್ತಿಗೂ ನಡೆ ಚುರುಕಾಗಬೇಕು. ಪುಟ್ಟರಂಗಯ್ಯ ಹುಡುಗನಾಗಿಬಿಟ್ಟಿದ್ದರು. ಕೋಲು ಟಕಟಕ ಓಡಿತು. ಪಟ್ಟಾಭಿರಾಮರು ಬೆನ್ನಟ್ಟಿದರು, ಎಡವಿದರು, ಮಾತು ಚೂರಾಯಿತು, ಮುಖ ಕೆಂಪೇರಿತು. ಅಭಿರಾಮ್ ಎದ್ದು ನಿಂತ. ಅಷ್ಟರಲ್ಲಿ ಎಡಗೈ ಮೇಲೆತ್ತಿ, ರಾಗವೂ ಇಲ್ಲದೆ ತಾಳವೂ ಇಲ್ಲದೆ, ಮೇಷ್ಟ್ರ ಹಳೆಯ ಗದರುದನಿಯಲ್ಲಿ ಪಟ್ಟಾಭಿರಾಮರು ಕೂಗಿದರು:

"ಓಡ್ಬೇಡ!"

ಆ ಕೂಗು ಪುಟ್ಟರಂಗಯ್ಯನವರ ಕಿವಿಗೂ ಬಿದ್ದಿತ್ತು. ಕೋಲು ಕೆಳಗಿಟ್ಟು, "ಹೌದು ಕಣವ್ವ, ಪಟ್ಟಾಭೀನೇ ಇವ್ನು. ಆಗ್ಲೂ ಹಿಂಗೇ ಬೈತಿದ್ದ!" ಎಂದು ಗೆಳೆಯನ ಮೊಣಕಾಲು ಹಿಡಿದುಕೊಂಡು ಅಲ್ಲಾಡಿಸಿದರು. ಪಟ್ಟಾಭಿರಾಮರು ಅಳುತ್ತಿದ್ದರು, ನಗುತ್ತಲೂ ಇದ್ದರು.

ಅದಾದ ಮೇಲೆ ಎಲ್ಲ ಸರಿಹೋಯಿತು ಎಂದೇನೂ ಅಲ್ಲ. "ಓಡ್ಬೇಡ" ಎಂಬುದು ಮತ್ತೆ ಬರಲು ವಾರಗಳೇ ಹಿಡಿದವು. ಆದರೆ ಉಮಾಮಹೇಶ್ವರಿಗೆ ದಾರಿ ಸಿಕ್ಕಿತ್ತು. ಅವಳು ಸೊಲ್ಲಿನ ಮಟ್ಟನ್ನು ಹಾಗೇ ಇಟ್ಟುಕೊಂಡು ಮಾತು ಬದಲಾಯಿಸಿದಳು. ಒಂದು ಬೆಳಿಗ್ಗೆ ರಾಧಮ್ಮ ಅಡುಗೆಮನೆಯಲ್ಲಿದ್ದಾಗ ರೂಮಿನಿಂದ ಹಾಡು ಬಂತು: "ಕಾಫಿ ಕಾಫಿ ಕಣಣ್ಣ, ಕಾಫಿ ಬೇಕಣ್ಣ."

ರಾಧಮ್ಮ ಲೋಟ ಹಿಡಿದು ಬಾಗಿಲಲ್ಲಿ ನಿಂತರು. "ಅಲ್ಲಾ, ಇಷ್ಟು ವರ್ಷ ಸಂಸಾರ ಮಾಡಿ ಕೊನೆಗೆ ನಾನು ನಿಮಗೆ ಅಣ್ಣ ಆದ್ನಾ?" ಎಂದರು. ತಿಂಗಳುಗಳ ಮೇಲೆ ಆ ಮನೆಯಲ್ಲಿ ಅವರು ನಕ್ಕದ್ದು ಅದೇ ಮೊದಲು. ಆವತ್ತಿನಿಂದ ಕಾಫಿ ಕೊಡುವ ಮುಂಚೆ ಅವರೂ ತಾರಕಕ್ಕೇರಿ, "ಯಾರ್ರೀ ಅದು ಒಳಗೆ?" ಎಂದು ಹಾಡಿ ಕೇಳತೊಡಗಿದರು. ಅಭಿರಾಮನ ಹೆಸರು ಸೊಲ್ಲಿಗೆ ಸಲೀಸಾಗಿ ಕೂತಿತು. ನೀರು, ಊಟ, ನೋವು, ಸಾಕು, ಎಲ್ಲ ಕೂತವು.

ವಿಭಾಳ ಹೆಸರೊಂದು ಕೂರಲಿಲ್ಲ. ಮೊದಲ ಅಕ್ಷರ ಚಿಕ್ಕದು, ಎರಡನೆಯದು ಉದ್ದ. ಆ ನಡೆಯಲ್ಲಿ ಎಲ್ಲಿ ಇಟ್ಟರೂ ಜಾರಿಬೀಳುತ್ತಿತ್ತು. ಅಪ್ಪ ಅವಳನ್ನು ನೋಡಿ ಬಾಯಿ ತೆರೆಯುವರು, "ವ..." ಎಂದು ತಡವರಿಸಿ ತಲೆ ತಗ್ಗಿಸುವರು. ಅವಳು ರಾಗ ತಿದ್ದಿದಳು, ಹೆಸರನ್ನು ಎಳೆದಳು, ಮುರಿದಳು, ಎರಡೆರಡು ಸಲ ಸೇರಿಸಿದಳು. ಆಗಲಿಲ್ಲ. "ಬಿಡೇ, ಬಂದಾಗ ಬರುತ್ತೆ," ಎಂದರು ರಾಧಮ್ಮ. ಬಿಡುವುದು ಅವಳಿಗೆ ಗೊತ್ತಿರಲಿಲ್ಲ.

ಒಂದು ಸಂಜೆ ಕಾಲೇಜು ಮುಗಿಸಿ ಕ್ಯಾತ್ಸಂದ್ರದ ಹೈವೇ ಪಕ್ಕ, ತಟ್ಟೆ ಇಡ್ಲಿ ಹೋಟೆಲಿನ ಮುಂದೆ ಬಸ್ಸು ಕಾಯುತ್ತ ನಿಂತವಳು ಮಂಜುಳಮ್ಮನಿಗೆ ಫೋನ್ ಮಾಡಿದಳು. ಮಂಜುಳಮ್ಮ ಫೋನನ್ನು ಮಾವನ ಕಿವಿಗೆ ಹಿಡಿದಳು.

"ಅಜ್ಜ, ಇನ್ನೊಂದು ಪದ ಬೇಕಿತ್ತು. ನನ್ನ ಹೆಸರು ಕೂರೋ ಅಂಥದ್ದು."

"ಯಾವ ಹೆಸ್ರು? ಜೋರಾಗೇಳವ್ವ!"

"ವಿಭಾ!"

"ಹಾಂ? ಶೋಭಾ?"

ಲಾರಿಯೊಂದು ಹಾರನ್ ಹೊಡೆಯುತ್ತ ಹಾದುಹೋಯಿತು. ಇಡ್ಲಿ ತಿನ್ನುತ್ತಿದ್ದವರು ತಿರುಗಿ ನೋಡುತ್ತಿದ್ದರು. ವಿಭಾ ಒಂದು ಕಿವಿ ಮುಚ್ಚಿಕೊಂಡು, ಎದೆ ತುಂಬ ಉಸಿರೆಳೆದುಕೊಂಡು ಕೂಗಿದಳು. "ವಿಭಾ! ವಿ-ಭಾ!"

"ಹಂಗೇಳು. ಅದ್ಯಾವ ಮಹಾ ಹೆಸ್ರು, ಭಾನುವಾರ ಮೊಮ್ಮಗನ ಗಾಡೀಲಿ ಬತ್ತೀನಿ. ನಾನೂ ಪಟ್ಟಾಭೀನೂ ಕೂತು ಪದಕ್ಕೆ ಕೂಡ್ಸ್ತೀವಿ," ಎಂದರು ಪುಟ್ಟರಂಗಯ್ಯ.